ಕಂಪೌಂಡರ್ ನೋಡದೆ ಬಿಟ್ಟ ಕಲೆ

ಮೊನ್ನೆ ಮಡಿಕೇರಿಯಲ್ಲಿ ಚರ್ಮದ ಡಾಕ್ಟರು ನನ್ನ ಹಿಮ್ಮಡಿಯ ಕಪ್ಪು ಕಲೆಗೆ ಒಂದು ತೊಟ್ಟು ಎಣ್ಣೆ ಬಿಟ್ಟು, ದೀಪವಿರುವ ಪುಟ್ಟ ಭೂತಗನ್ನಡಿ ಒತ್ತಿ ನೋಡಿದರು. ಕನ್ನಡಿ ಕಾಲಿಗೆ ತಾಗಿದ್ದೇ ತಡ, ನಮ್ಮ ಎಸ್ಟೇಟಿನ ಕಂಪೌಂಡರ್ ನೆನಪಾದರು...

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮಾದಾಪುರದ ಕಡೆ ನಾನು ಎಸ್ಟೇಟ್ ರೈಟರ್. ಆಳುಗಳ ಹಾಜರಿ, ರಜೆ ಎಲ್ಲ ನನ್ನ ಕೈಯಲ್ಲಿ. ಕಂಪೌಂಡರ್ ವಾರಕ್ಕೊಮ್ಮೆ ಆಳುಗಳ ಲೈನ್ ಮನೆಗಳಿಗೆ ಬರುತ್ತಿದ್ದರು. ಯಾರ ಮೈಮೇಲೆ ಮಚ್ಚೆ ಕಂಡರೂ ಕೊಬ್ಬರಿ ಎಣ್ಣೆ ಸವರಿ, ಭೂತಗನ್ನಡಿ ಹಿಡಿದು ಕೂರುವುದು ಅವರ ಚಾಳಿ. ಎಣ್ಣೆ ಹಚ್ಚಿದರೆ ಚರ್ಮದೊಳಗಿನ ಬಣ್ಣ ಕಾಣುತ್ತದಂತೆ. ನಾವು ಬೆನ್ನ ಹಿಂದೆ ಆಡಿಕೊಂಡು ನಗುತ್ತಿದ್ದೆವು.

ಒಂದು ವರ್ಷ ಕಾಫಿ ಪಿಕಿಂಗ್ ನಡೆಯುವಾಗ ಅವರು ಒಬ್ಬ ಹೆಂಗಸನ್ನು ಆಫೀಸಿಗೆ ಕರೆತಂದರು. ಹಣ್ಣು ಬಿಡಿಸುವುದರಲ್ಲಿ ಅವಳಷ್ಟು ಚುರುಕು ಇನ್ನೊಬ್ಬಳಿರಲಿಲ್ಲ. ಅವಳ ಅಂಗಾಲಿನಲ್ಲಿ ಒಂದು ಕಲೆಯಿತ್ತು; ಅದು ಮಳೆಗಾಲದಲ್ಲಿ ಜಿಗಣೆ ಕಚ್ಚಿದ್ದೆಂದು ಸುಣ್ಣ, ಹೊಗೆಸೊಪ್ಪು ಹಚ್ಚುತ್ತಲೇ ಇದ್ದಳು. ಹಚ್ಚಲು ಹೇಳಿದವನು ನಾನೇ. ನೋವೇನೂ ಇಲ್ಲ ಎಂದಳು.

“ಇದು ಜಿಗಣೆದಲ್ಲ ರೈಟ್ರೇ. ಜಿಗಣೆ ಕಲೆ ಒಂದೇ ಬಣ್ಣ. ಇದ್ರಲ್ಲಿ ಕಪ್ಪು, ಕಂದು, ನೀಲಿ ಎಲ್ಲ ಉಂಟು. ಅಂಚೂ ಹರಡ್ತಾ ಉಂಟು. ಮೈಸೂರಿಗೆ ಕಳ್ಸಿ, ಕೊಯ್ದು ತೆಗೀಲಿ.”

ಅಂದರೆ ಎರಡು ವಾರ ರಜೆ. ನಾನು ನಕ್ಕೆ. ಕೊಡಗಿನಲ್ಲಿ ಹುಟ್ಟಿದವನಿಗೆ ಜಿಗಣೆ ಕಲೆ ಗುರುತಿಸಲು ಕನ್ನಡಿ ಬೇಕೇ ಎಂದು ಅವಳೆದುರೇ ಅವರ ಮರ್ಯಾದೆ ತೆಗೆದೆ. ಪಿಕಿಂಗ್ ಮುಗಿಯಲಿ, ಆಮೇಲೆ ನೋಡೋಣ ಎಂದೆ. ಮುಗಿಯುವಷ್ಟರಲ್ಲಿ ಕಲೆಯ ಕ್ಯಾನ್ಸರ್ ಹರಡಿ ಅವಳ ತೊಡೆಸಂದಿಯಲ್ಲಿ ಗಂಟು ಎದ್ದಿತ್ತು. ಮಳೆ ಹಿಡಿಯುವ ಮೊದಲೇ ಸತ್ತಳು.

ಆ ಮಳೆಗಾಲ ನನ್ನ ಹಿಮ್ಮಡಿಗೂ ಜಿಗಣೆ ಕಚ್ಚಿತು. ಕಲೆ ಕಪ್ಪಾಗಿ ಉಳಿಯಿತು. ಜೀವ ಬಾಯಿಗೆ ಬಂದು ಕಂಪೌಂಡರ ಮುಂದೆ ಕಾಲು ಚಾಚಿದೆ. ಅವರು ಒಮ್ಮೆ ನೋಡಿದರು. ಕನ್ನಡಿಯನ್ನು ಚೀಲದಿಂದ ತೆಗೆಯಲೇ ಇಲ್ಲ.

“ನಿಮ್ಗೇ ಗೊತ್ತುಂಟಲ್ಲ ರೈಟ್ರೇ. ಸುಣ್ಣ ಹಚ್ಚಿ.”

ಆಮೇಲೆ ಎಷ್ಟು ಸಲ ಕೇಳಿದರೂ ಅದೇ ಮಾತು, ಅದೇ ಮೆತ್ತಗಿನ ದನಿ. ಬೇರೆ ಡಾಕ್ಟರ ಹತ್ತಿರ ಹೋಗಲು ಹೆದರಿಕೆ, ಹೌದು ಎಂದುಬಿಟ್ಟರೆ? ವರ್ಷಗಟ್ಟಲೆ ಸ್ನಾನ ಮಾಡುವಾಗಲೆಲ್ಲ ತೊಡೆಸಂದಿ ಮುಟ್ಟಿ ನೋಡಿಕೊಂಡೆ...

ಮೊನ್ನೆ ಡಾಕ್ಟರು ತಲೆಯೆತ್ತಿ, ಏನೂ ಇಲ್ಲ, ಬರೀ ಹಳೇ ಕಲೆ ಎಂದರು. ಕಂಪೌಂಡರಿಗೆ ಅದು ಅಂದೇ ಬರಿಗಣ್ಣಿಗೇ ಗೊತ್ತಾಗಿತ್ತು, ಅದರಲ್ಲಿ ನನಗೆ ಸಂಶಯವಿಲ್ಲ. ಕೇಳೋಣವೆಂದರೆ ಅವರು ತೀರಿಕೊಂಡು ಎಷ್ಟೋ ಕಾಲವಾಯಿತು. ಅವರ ಮೇಲೆ ಸಿಟ್ಟೂ ಇಲ್ಲ. ನಾನು ಕೊಂದ ಹೆಂಗಸಿಗಾಗಿ ನನ್ನಂಥವನಿಗೆ ಅವರು ಕೊಡಬಹುದಾಗಿದ್ದ ಶಿಕ್ಷೆ ಆ ಹೆದರಿಕೆಯೊಂದೇ.