ಮರಿಯತ್ತೆಯ ಮುದ್ದಿನ ಮಾತು

ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿಗಳನ್ನು ಮರಿಯಿಂದಲೇ ಪಳಗಿಸಿಕೊಡುವ ಮರಿಯತ್ತೆ ಬಲು ಕಟ್ಟುನಿಟ್ಟು. ತಾನು ಉಣ್ಣುವಾಗ ಮರಿ ತಟ್ಟೆಯತ್ತ ಮೂಗೆತ್ತಿದರೆ ಊಟ ಬಿಟ್ಟೇಳುತ್ತಾಳೆ. ಬೆಕ್ಕು ಕಂಡರೂ ಬೊಗಳದಿರಲೆಂದು ಪಕ್ಕದ ಮನೆಯ ಬೆಕ್ಕನ್ನೇ ಕರೆತಂದು ಎದುರಿಗೆ ಕೂರಿಸುತ್ತಾಳೆ. "ಅತ್ತೆ, ಮಾವನ್ನೂ ಹೀಗೇ ಪಳಗಿಸಿದ್ರಾ?" ಎಂದು ಹಾಲಿನವಳು ಕೇಳಿದರೆ, "ಅವರು ಬೆಳೆದ ಮೇಲೆ ಕೈಗೆ ಸಿಕ್ಕಿದ್ದು ಕಣಮ್ಮ, ಪಳಗಲಿಲ್ಲ," ಎನ್ನುತ್ತಾಳೆ. ದಿನದ ಪಾಠ ಮುಗಿದ ಮೇಲೆ ಮಾತ್ರ ಮರಿಯನ್ನು ಮಡಿಲಿಗೆಳೆದು, ಹೊಟ್ಟೆ ಸವರುತ್ತಾ, "ಹೋಗೋ, ಹೋಗೋ ಕಳ್ಳ," ಎಂದು ಮುದ್ದಾಡುತ್ತಾಳೆ. ಈ ಸಲ ಆ ಮಾತೇ ಮುಳುವಾಯಿತು. ಪರೀಕ್ಷೆಯ ದಿನ, ಎರಡು ವರ್ಷದಿಂದ ನಾಯಿಗಾಗಿ ಕಾದಿದ್ದ ಕುರುಡು ಮೇಷ್ಟ್ರು ರಸ್ತೆಯಂಚಿನಲ್ಲಿ ನಿಂತು, ದಾಟಿಸಲೆಂದು "ಹೋಗು" ಎಂದರೆ, ಮರಿ ಅದನ್ನು ಮುದ್ದೆಂದೇ ತಿಳಿದು ಅವರ ಕಾಲಬುಡದಲ್ಲಿ ಅಂಗಾತ ಮಲಗಿತು. ಮೂರು ಸಲ ಹೇಳಿದರೂ ಅಷ್ಟೇ. "ಮರಿ ತಪ್ಪಲ್ಲ ಮೇಷ್ಟ್ರೇ, ನನ್ನ ನಾಲಿಗೆ ತಪ್ಪು," ಎಂದಳು ಮರಿಯತ್ತೆ. "ಇರಲಿ ಬಿಡಿ ಅತ್ತೆ, ಕೋಲು ಇದೆಯಲ್ಲ," ಎಂದು ಅವರು ನಕ್ಕರು. ಮರಿ ಅವಳಿಗೇ ಉಳಿಯಿತು. ಈಗ ಬೆಳಿಗ್ಗೆ ಬೀದಿಯಲ್ಲಿ ಮೇಷ್ಟ್ರ ಕೋಲಿನ ಸದ್ದು ಕೇಳಿದರೆ ಮರಿ ಬಾಲ ಆಡಿಸುತ್ತಾ ಬಾಗಿಲಿಗೆ ಓಡುತ್ತದೆ. ಮರಿಯತ್ತೆ ಮಾತ್ರ ಒಲೆಯ ಮುಂದೆ ನಿಂತು, ಆ ಸದ್ದು ಬೀದಿ ದಾಟುವವರೆಗೂ ತಲೆಯೆತ್ತುವುದಿಲ್ಲ.