ಬಜಾರಿನಲ್ಲಿ ಕಲಿತ ಇಂಗ್ಲಿಷು

ನಮ್ಮ ದೊಡ್ಡಪ್ಪ ಶಿವರಾಜಪ್ಪನವರು ಭಾಲ್ಕಿಯವರು. ನಿಜಾಮರ ಕಾಲದಲ್ಲಿ ಸಿಕಂದರಾಬಾದಿನ ದಂಡಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದು, ಇಂಗ್ಲಿಷ್ ಕಲಿತು, ಕೊನೆಗೆ ಬೀದರಿಗೆ ಬಂದು ನೆಲೆಸಿದರು. ಕೇಳಿದವರಿಗೆಲ್ಲ ಪುಕ್ಕಟೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಆದರೆ ಮನೆಯಲ್ಲಿ ಕೂತು ಕಲಿಸುವ ಆಸಾಮಿಯಲ್ಲ. ಬಜಾರಿಗೆ ಹೊರಟಾಗ ಜೊತೆಗೆ ಬರಬೇಕು. ಸಾಬೂನು, ಕಡ್ಡಿಪೆಟ್ಟಿಗೆ, ಚಿಮಣಿ ಎಣ್ಣೆಯ ಡಬ್ಬಿಗಳ ಮೇಲಿನ ಅಕ್ಷರವೇ ಪಾಠ.

ಚೌಕಾಸಿ ಎಂದರೆ ಅವರಿಗೆ ಹೋಳಿಗೆ ತಿಂದಷ್ಟು ಖುಷಿ. ಅಂಗಡಿಯವನು ಹೇಳಿದ್ದರಲ್ಲಿ ಅರ್ಧಕ್ಕೆ ಕೇಳುವುದು, ಒಪ್ಪದಿದ್ದರೆ ಎದ್ದು ನಡೆಯುವುದು, ಅವನು ಕೂಗುವ ತನಕ ತಿರುಗಿ ನೋಡದಿರುವುದು. ಇದನ್ನೂ ಶಿಷ್ಯರಿಗೆ ಇಂಗ್ಲಿಷಿನಲ್ಲೇ ಕಲಿಸಿದರು. ಅಂಗಡಿಯವರ ಪಾಡು ದೇವರಿಗೇ ಪ್ರೀತಿ!

ಔರಾದಿನ ಕಾಂತಾಬಾಯಿ ಗಂಡನಿಲ್ಲದವಳು. ಅವಳ ತಂಗಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಬೀದರಿನ ಹೆಂಗಸರ ಆಸ್ಪತ್ರೆಯಾದ ಜನಾನಾ ದವಾಖಾನೆಯಲ್ಲಿ ಸೂಲಗಿತ್ತಿಯ ಕೆಲಸ ಕಲಿತು ಊರಿಗೆ ಮರಳಬೇಕೆಂದು ಅವಳ ಹಟ. ಅಲ್ಲಿನ ಡಾಕ್ಟರ್ ದೊರೆಸಾನಿಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತು ಬಾರದು. ಹಾಗಾಗಿ ಕಾಂತಾಬಾಯಿ ಆರು ತಿಂಗಳು ದೊಡ್ಡವ್ವನ ಜೊತೆ ದೊಡ್ಡಪ್ಪನ ಬೆನ್ನಿಗೆ ಬಜಾರು ಸುತ್ತಿದಳು.

ಕಲಿಯಲು ಸೇರಿಸಿಕೊಳ್ಳುವ ಪರೀಕ್ಷೆಯ ದಿನ ಮೂವರೂ ದವಾಖಾನೆಗೆ ಹೋದರು. ಔಷಧದ ಸೀಸೆಗಳ ಹೆಸರನ್ನೆಲ್ಲ ಕಾಂತಾಬಾಯಿ ಪಟಪಟನೆ ಓದಿದಳು. ದೊಡ್ಡಪ್ಪ ಮೀಸೆ ತಿರುವಿದರು. ದೊರೆಸಾನಿ ಮೆಚ್ಚಿ, ಎರಡು ವರ್ಷ ಇಲ್ಲಿದ್ದು ಕಲಿಯಬೇಕು ಎಂದಳು.

“ಟೂ ಮಚ್, ಮೇಡಂ. ಒನ್ ಇಯರ್,” ಎಂದಳು ಕಾಂತಾಬಾಯಿ.

ದೊರೆಸಾನಿ ಆಗುವುದಿಲ್ಲವೆಂದು ತಲೆಯಾಡಿಸಿದಳು. ಕಾಂತಾಬಾಯಿ ಎದ್ದು ಹೊರಗೆ ನಡೆದೇಬಿಟ್ಟಳು!

ದೊಡ್ಡಪ್ಪ ದಡಬಡಿಸಿ ಎದ್ದರು. ತಾನು ಕಲಿಸಿದ ವಿದ್ಯೆಯೇ ಈ ಹೆಣ್ಣುಮಗಳ ಬಾಳಿಗೆ ಕಲ್ಲು ಹಾಕಿತಲ್ಲ ಎಂದು ನಾಚಿಕೆಯಾಯಿತು. ಹಿಂದೆಯೇ ಓಡಿದರು.

“ಇದು ಅಂಗಡಿ ಅಲ್ಲರಿ ಬಾಯಿ! ತಿರುಗಿ ಬರ್ರಿ!”

“ಗೊತ್ತೈತ್ರಿ ಮಾಸ್ತರ. ಆದ್ರ ಔರಾದಿನಾಗ ನಮ್ಮ ಹೆಣ್ಮಕ್ಕಳು ಎರಡು ವರ್ಷ ಹಡೆಯೂದು ಬಿಟ್ಟು ಕುಂದರ್ತಾರೇನ್ರಿ?”

ಪಡಸಾಲೆಗೆ ಬಂದ ದೊರೆಸಾನಿ ಅವಳೇನೆಂದಳು ಎಂದು ಕೇಳಿದಾಗ, ದೊಡ್ಡಪ್ಪ ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದರು. ದೊರೆಸಾನಿ ಮೊದಲು ನಕ್ಕಳು. ಆಮೇಲೆ, ಒಂದೂವರೆ ವರ್ಷ ಎಂದಳು.

“ಇನ್ನೊಂದೀಟು ಇಳಿಸ್ಲೇನ್ರಿ ಮಾಸ್ತರ?” ಕಾಂತಾಬಾಯಿ ಮೆಲ್ಲಗೆ ಕೇಳಿದಳು.

“ಬ್ಯಾಡ ನಮ್ಮವ್ವ, ನಿಮ್ಮ ಕಾಲು ಬೀಳ್ತೇನಿ,” ಎಂದು ದೊಡ್ಡಪ್ಪ ಎರಡೂ ಕೈ ಮುಗಿದರು, “ಒಪ್ಕೊಂಡ್ ಬಿಡ್ರಿ!”