ಜುಮಾಕೆಯ ಕಿವಿ

ನಾರಿನ್ ಊರಿನ ಬಜಾರಿನ ಪಕ್ಕದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಜುಮಾಕಾದಿರನ ಕಿವಿಯ ವಿಷಯ ಗೊತ್ತಿಲ್ಲದವರಿಲ್ಲ. ಮೂವತ್ತೊಂದು ವರ್ಷ ದೋಲೊನ್ ಘಾಟಿ ಹತ್ತಿ ಇಳಿದು ರಾಜಧಾನಿ ಬಿಷ್ಕೆಕ್‌ಗೆ ಜನರನ್ನು ಮುಟ್ಟಿಸಿದ ಮನುಷ್ಯ. ದೂರದಲ್ಲಿ ಯಾರದಾದರೂ ಗಾಡಿ ಬರುತ್ತಿದ್ದರೆ ಚಹಾ ಬಟ್ಟಲಿನಿಂದ ತಲೆ ಎತ್ತದೆ, "ಎಡಗಡೆ ಮುಂದಿನ ಚಕ್ರದ ಬೇರಿಂಗ್ ಹೋಗಿದೆ ಕಣೋ, ಬಿಚ್ಚಿಸು" ಎನ್ನುತ್ತಿದ್ದ. ಬಿಚ್ಚಿಸಿದರೆ ಹೋಗಿರುತ್ತಿತ್ತು. ಡ್ರೈವರುಗಳು ಬಾನೆಟ್ ಎತ್ತಿ, "ಜುಮಾಕೆ, ಒಂದ್ಸಲ ಕೇಳಿ" ಎಂದು ಕರೆಯುತ್ತಿದ್ದರು. ಅಷ್ಟುದ್ದದ ಹೆಸರನ್ನು ಮರ್ಯಾದೆಗೆ ಹೀಗೆ ಮೊಟಕು ಮಾಡುವುದು ಅಲ್ಲಿನ ರೂಢಿ. ಅವನು ಬಿಳಿ ಟೋಪಿ ಹಿಂದಕ್ಕೆ ಸರಿಸಿ, ಕಣ್ಣು ಮುಚ್ಚಿ, ಇಂಜಿನ್ನಿನ ಮೇಲೆ ಬಗ್ಗುವನು. ಆಮೇಲೆ ಅವನು ಹೇಳಿದ್ದೇ ತೀರ್ಪು.

ಓದಿದ್ದು ಎಂಟನೇ ಕ್ಲಾಸು, ಮನೆ ಎರಡು ಕೋಣೆಯದು, ಮಕ್ಕಳಾಗಲಿಲ್ಲ. ಹೇಳಿಕೊಳ್ಳಲು ಇದ್ದದ್ದು ಆ ಕಿವಿಯೊಂದೇ. ಅದರ ಜಂಬವನ್ನು ಅವನು ಮುಚ್ಚಿಟ್ಟವನೂ ಅಲ್ಲ ಬಿಡಿ.

ಹೋದ ವರ್ಷ ಹಿಮ ಕರಗಿದ ಮೇಲೆ ಏಳು ಕುದುರೆಗಳನ್ನೂ ಹಳೇ ಕಾರನ್ನೂ ಮಾರಿ ಹೊಸ ಕಾರು ತಂದ. ಬಿಳಿ ಬಣ್ಣ, ಸೀಟಿನ ಮೇಲಿನ ಪ್ಲಾಸ್ಟಿಕ್ ಇವತ್ತಿಗೂ ತೆಗೆದಿಲ್ಲ. ಒಂದು ವರ್ಷ ಕಾರು ಬೆಣ್ಣೆಯಂತೆ ಓಡಿತು. ಈ ಬೇಸಿಗೆಯಲ್ಲಿ ಒಂದು ದಿನ, ಪಾಳಿಯಲ್ಲಿ ಅವನ ಹಿಂದೆ ನಿಲ್ಲುವ ಎಸೆನ್‌ಕುಲ್ ಹತ್ತಿರ ಬಂದು ಮೆಲ್ಲಗೆ ಹೇಳಿದ.

"ಜುಮಾಕೆ, ನಿಮ್ಮ ಬ್ರೇಕು ಕಿರುಚ್ತಾ ಇದೆ."

"ಕಿರುಚ್ತಿರೋದು ನಿನ್ನ ಹೆಂಡ್ತಿ ಇರ್ಬೇಕು, ಮನೇಗೆ ಹೋಗಿ ನೋಡು!"

ಸುತ್ತಲಿದ್ದವರು ನಕ್ಕರು. ಎಸೆನ್‌ಕುಲ್ ನಗಲಿಲ್ಲ.

ಮುಂದಿನವನ ಗಾಡಿಗೆ ನಾಲ್ಕು ಜನ ತುಂಬಿದ ಮೇಲೇ ಹಿಂದಿನವನ ಪಾಳಿ. ಹಾಗಾಗಿ ಮುಂದಿನವನ ಟೈರು ಸವೆದಿದೆ, ಸ್ಟೇರಿಂಗ್ ಅಲ್ಲಾಡುತ್ತದೆ ಎಂದು ಪ್ಯಾಸೆಂಜರುಗಳ ಕಿವಿ ಕಚ್ಚಿ ಎಬ್ಬಿಸಿಕೊಂಡು ಹೋಗುವುದು ಸ್ಟ್ಯಾಂಡಿನ ಹಳೇ ಕಳ್ಳಾಟ. ಜುಮಾಕಾದಿರನೂ ಹರೆಯದಲ್ಲಿ ಆಡಿದ್ದೇ. 'ನನ್ನ ಹತ್ರಾನಾ ಇವನ ಆಟ' ಎಂದುಕೊಂಡು, ಕಿಟಕಿ ಇಳಿಸಿ ಬಜಾರಿಗೆ ಎರಡು ಸುತ್ತು ಹಾಕಿದ. ಹತ್ತು ಸಲ ಬ್ರೇಕ್ ತುಳಿದ. ಒಂದು ಚೂರೂ ಸದ್ದಿಲ್ಲ.

ಅದೇ ವಾರ ಬಿಷ್ಕೆಕ್‌ಗೆಂದು ಹತ್ತಿದ್ದ ಹೆಂಗಸೊಬ್ಬಳು ನಡುದಾರಿಯ ಕೊಚ್ಕೋರ್ ಊರಿನಲ್ಲೇ ಚೀಲ ಎತ್ತಿಕೊಂಡು ಇಳಿದಳು. "ಅಣ್ಣಾ, ಈ ಬ್ರೇಕ್ ಸದ್ದಲ್ಲಿ ನಾನು ಇನ್ನು ಬರಲ್ಲ, ಎದೆ ಹೊಡ್ಕೊಳ್ತಿದೆ" ಎಂದಳು. ಅವಳನ್ನೂ ಎಸೆನ್‌ಕುಲ್ಲನೇ ಹೇಳಿಕೊಟ್ಟು ಕಳಿಸಿದ್ದಾನೆ ಎಂದುಕೊಂಡ ಪುಣ್ಯಾತ್ಮ!

ಜನರ ಬಾಯಿ ಮುಚ್ಚಿಸಲೆಂದು ಕೊನೆಗೆ ತಾಶ್ತಾನನ ಗ್ಯಾರೇಜಿಗೆ ಹೋದ. ತಾಶ್ತಾನ್ ನಾಲ್ಕೂ ಚಕ್ರ ಬಿಚ್ಚಿ, ಪ್ಯಾಡುಗಳನ್ನು ಉಜ್ಜಿ, ಗ್ರೀಸ್ ಹಚ್ಚಿ, ಮತ್ತೆ ಕೂಡಿಸಿದ.

"ಪ್ಯಾಡೇ ತುಂಬಾ ಗಟ್ಟಿ ಜುಮಾಕೆ. ಹಿಡಿಯೋದೇನೋ ಚೆನ್ನಾಗೇ ಹಿಡಿಯತ್ತೆ, ಕಿರುಚೋದು ನಿಲ್ಲೋ ಹಾಗೆ ಕಾಣಲ್ಲ. ಓಡಿಸಿ ನೋಡಿ."

ಜುಮಾಕಾದಿರ ಬೀದಿಯ ತುದಿಯವರೆಗೆ ಹೋಗಿ, ಬಂದು, ಗ್ಯಾರೇಜಿನ ಬಾಗಿಲಲ್ಲಿ ಗಕ್ಕನೆ ನಿಲ್ಲಿಸಿದ. "ಏನೂ ಇಲ್ಲ. ಮೊದ್ಲೂ ಇರ್ಲಿಲ್ಲ."

ತಾಶ್ತಾನ್ ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದ. "ಸರಿ ಬಿಡಿ" ಎಂದು ಒಳಗೆ ಹೋದ.

ಆಗಸ್ಟಿನಲ್ಲಿ ಹೆಂಡತಿ ಬಾತ್ಮಾ ಕೊಚ್ಕೋರಿನ ತಂಗಿಯ ಮನೆಗೆ ಹೊರಟಳು. ಬೇರೆ ಪ್ಯಾಸೆಂಜರ್ ಇರಲಿಲ್ಲ. ಘಾಟಿ ಹತ್ತಿ ಆಚೆ ಬದಿ ಇಳಿಯುವಾಗ, ಎಸೆನ್‌ಕುಲ್ಲನನ್ನು ಬೈಯುತ್ತಾ ಬೈಯುತ್ತಾ, ಮೂವತ್ತು ವರ್ಷದಲ್ಲಿ ಒಂದೂ ಸುಳ್ಳು ಹೇಳದ ಈ ಹೆಂಗಸನ್ನೇ ಕೇಳೋಣ ಎನ್ನಿಸಿತು ಅವನಿಗೆ.

"ಏನೇ ಮುದುಕಿ, ನೀನೇ ಹೇಳು. ನನ್ನ ಬ್ರೇಕು ಕಿರುಚ್ತಿದೆಯಾ?"

"ಇದೇನು ಹೀಗ್ ಕೇಳ್ತೀಯ ಮುದುಕಾ? ಘಾಟಿ ತಲೆಯಿಂದ ಕಿವಿಗೆ ಬೆರಳಿಟ್ಕೊಂಡು ಕೂತಿದೀನಿ, ಕಾಣ್ತಿಲ್ವಾ?"

ಅವನು ಕಾರನ್ನು ಬದಿಗೆ ನಿಲ್ಲಿಸಿದ. ಬಾತ್ಮಾಳನ್ನು ಇಳಿಸಿ ರಸ್ತೆಯಂಚಿನಲ್ಲಿ ನಿಲ್ಲಿಸಿ, "ಸದ್ದು ಬಂದಾಗೆಲ್ಲ ಕೈಯೆತ್ತು" ಎಂದ. ಹಿಂದಕ್ಕೆ ಹೋಗಿ ಅವಳ ಮುಂದಿನಿಂದ ಇಳಿದು ಬಂದ. ಬ್ರೇಕ್ ತುಳಿದ, ಅವಳ ಕೈ ಎದ್ದಿತು. ಬಿಟ್ಟ, ಕೈ ಇಳಿಯಿತು. ಇನ್ನೊಂದು ಸಲ, ಮತ್ತೊಂದು ಸಲ. ಕಾರಿನೊಳಗೆ ಗಾಳಿಯ ಸದ್ದು, ಇಂಜಿನ್ನಿನ ಗೊರಗೊರ, ಅಷ್ಟೇ. ನಾಲ್ಕನೇ ಸಲ ಕೈ ಎದ್ದದ್ದನ್ನು ನೋಡಿ ಇಂಜಿನ್ ಆರಿಸಿದ.

ಕೆಳಗಿಳಿದು ಅವಳ ಪಕ್ಕ ಕಲ್ಲಿನ ಮೇಲೆ ಕೂತ. ಬಾತ್ಮಾಳಿಗೂ ಅರ್ಥವಾಗಿತ್ತು, ಮಾತು ಬದಲಿಸಲೆಂದು ಗುಡ್ಡದ ಕಡೆ ತೋರಿಸಿದಳು.

"ಸೂರ್‌ಗಳು ನೋಡು, ಎಷ್ಟ್ ಜೋರಾಗಿ ಸಿಳ್ಳೆ ಹಾಕ್ತಿವೆ."

ಅವನಿಗೆ ಸಿಳ್ಳೆ ಕೇಳಿಸಲಿಲ್ಲ. ಬಿಲದ ಬಾಯಲ್ಲಿ ನೆಟ್ಟಗೆ ನಿಂತು ಸಿಳ್ಳೆ ಹಾಕುವ ಆ ದಪ್ಪ ಪ್ರಾಣಿಗಳು ದೋಲೊನ್‌ನಲ್ಲಿ ನಿರ್ನಾಮವಾದವು, ಹೊರಗಿನವರು ಬಂದು ಬೇಟೆಯಾಡಿ ಮುಗಿಸಿದರು ಎಂದು ಎರಡು ಬೇಸಿಗೆಯಿಂದ ಹತ್ತಿದ ಪ್ಯಾಸೆಂಜರಿಗೆಲ್ಲ ಹೇಳಿಕೊಂಡು ಬಂದಿದ್ದ. ಅವು ಅಲ್ಲೇ ಇದ್ದವು.

"ಯಾರಿಗೂ ಹೇಳ್ಬೇಡ" ಎಂದ.

"ನಾನ್ಯಾಕೆ ಹೇಳ್ಲಿ" ಎಂದು ಬಾತ್ಮಾ ಅತ್ತಳು.

ನಾರಿನ್ ಆಸ್ಪತ್ರೆಯ ಕಿವಿ ಡಾಕ್ಟರು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಕೀರಲು ದನಿಗಳು ಮೊದಲು ಹೋಗುತ್ತವೆ, ಉಳಿದವು ಆಮೇಲೆ, ಹೋದದ್ದು ತಿರುಗಿ ಬರುವುದಿಲ್ಲ ಎಂದರು. ಮಾತು ಕೇಳಿಸುತ್ತದಲ್ಲ, ಸದ್ಯಕ್ಕೆ ಗಾಡಿ ಓಡಿಸಬಹುದು ಎಂದೂ ಹೇಳಿದರು. ಅದರಿಂದ ಅವನಿಗೇನೂ ಸಮಾಧಾನವಾಗಲಿಲ್ಲ. ಓಡಿಸುವವರು ಸ್ಟ್ಯಾಂಡಿನಲ್ಲಿ ನಲವತ್ತು ಜನ ಇದ್ದಾರೆ.

ಅಲ್ಲಿಂದ ನೆಟ್ಟಗೆ ತಾಶ್ತಾನನ ಹತ್ತಿರ ಹೋದ. ಒಬ್ಬನಿಗಾದರೂ ತಾನೇ ಬಾಯಿಬಿಟ್ಟು ಹೇಳದಿದ್ದರೆ ತಡೆಯಲಾಗುತ್ತಿರಲಿಲ್ಲ.

"ತಾಶ್ತಾನ್, ನಂಗೆ ಕೇಳಿಸ್ತಿಲ್ಲ ಕಣೋ. ಆ ಸದ್ದು."

ತಾಶ್ತಾನ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಬೆಚ್ಚಿಬೀಳಲಿಲ್ಲ. ಅದೇ ಜುಮಾಕಾದಿರನಿಗೆ ವಿಚಿತ್ರವೆನಿಸಿತು.

"ನಿಂಗೆ ಗೊತ್ತಿತ್ತಾ?"

"ಎರಡು ಚಳಿಗಾಲ ಆಯ್ತು ಜುಮಾಕೆ. ಅಬ್ದಿಶ್ ಗಾಡಿ ಬೆಲ್ಟು ಕೀರ್ ಅಂತಿತ್ತು, ನೀವು ಏನೂ ಇಲ್ಲ ಹೊರಡು ಅಂದ್ರಿ. ಘಾಟಿ ಮೇಲೆ ಹರ್ಕೊಂಡ್ತು. ಹಿಮದಲ್ಲಿ ಮೂರು ಗಂಟೆ ನಿಂತಿದ್ರು, ಹಸುಗೂಸು ಬೇರೆ ಇತ್ತು."

"ನಂಗ್ಯಾರೂ ಹೇಳ್ಲಿಲ್ವಲ್ಲೋ!"

"ಹಿರಿಯರು ನೀವು. ನಿಮ್ಮ ಮುಖಕ್ಕೆ ಯಾರ್ ಹೇಳ್ತಾರೆ?"

"ಆಮೇಲೂ ನನ್ನ ಕರೆದು ಕೇಳಿಸ್ತಾರಲ್ಲ! ಮೊನ್ನೆ ಉಲಾನ್ ಕೂಡ..."

"ನಿಮ್ಮನ್ನ ಕೇಳ್ತಾರೆ. ಆಮೇಲೆ ಇಲ್ಲಿಗೆ ಬಂದು ತೋರಿಸ್ಕೊಂಡು ಹೋಗ್ತಾರೆ." ತಾಶ್ತಾನ್ ನೆಲ ನೋಡುತ್ತಾ ಹೇಳಿದ. "ಹಾಗೇ ಮಾಡ್ಬೇಕು, ಯಾರೂ ಬಾಯಿ ಬಿಡ್ಬಾರ್ದು ಅಂತ ಎಲ್ರಿಗೂ ಹೇಳಿಟ್ಟೋನು ಎಸೆನ್‌ಕುಲ್. ಬ್ರೇಕಿನ ವಿಷ್ಯ ನೋಡಿ, ಜೀವದ ಪ್ರಶ್ನೆ ಅಂತ ತಡೀಲಾರ್ದೆ ಅವನೇ ಹೇಳ್ಬಿಟ್ಟ."

ಬೈದಿದ್ದರೆ, ಕೈ ತೋರಿಸಿ ನಕ್ಕಿದ್ದರೆ, ಜುಮಾಕಾದಿರ ತಿರುಗಿ ಬಿದ್ದು ಜಗಳವಾಡಿ ಹಗುರಾಗುತ್ತಿದ್ದ. ಇದಕ್ಕೆ ಏನು ಮಾಡುವುದು? ನಲವತ್ತು ಜನ ಸೇರಿ ಎರಡು ವರ್ಷ ತನ್ನ ಮರ್ಯಾದೆಯನ್ನು ಬೀಳದಂತೆ ಹಿಡಿದುಕೊಂಡಿದ್ದರು. ಹಿಡಿದವರ ಕೈ ಈಗ ಕಂಡುಬಿಟ್ಟಿತ್ತು, ನಾಚಿಕೆಯಿಂದ ಅವನ ಮೈಯೆಲ್ಲ ಉರಿಯಿತು.

ಮರುದಿನ ಬೆಳಿಗ್ಗೆ ಸ್ಟ್ಯಾಂಡಿಗೆ ಹೋದ. ಉಲಾನನ ಗಾಡಿಗೆ ಜನ ತುಂಬಿತ್ತು, ಇಂಜಿನ್ ಚಾಲೂ ಇತ್ತು. ಉಲಾನ್ ಬಾನೆಟ್ ಎತ್ತಿ, ಎದೆಯ ಮೇಲೆ ಕೈಯಿಟ್ಟು ಕರೆದ.

"ಜುಮಾಕೆ, ಒಂದ್ಸಲ ಕೇಳಿ. ಏನೋ ಸಣ್ಣಗೆ ಸದ್ದು."

ನಂಗೆ ಕೇಳಿಸಲ್ಲ ಮಗಾ, ಎನ್ನಬೇಕೆಂದು ಬಾಯಿ ತೆರೆದ. ಪ್ಯಾಸೆಂಜರುಗಳು ನೋಡುತ್ತಿದ್ದರು. ಚಹಾ ಕುಡಿಯುತ್ತಿದ್ದ ಡ್ರೈವರುಗಳು ಗೌರವದಿಂದ ಮಾತು ನಿಲ್ಲಿಸಿದ್ದರು, ಎಸೆನ್‌ಕುಲ್ಲನೂ. ಎರಡು ವರ್ಷದ ಅವರ ಶ್ರಮವನ್ನು ಒಂದು ಮಾತಿನಲ್ಲಿ ನೆಲಕ್ಕೆ ಹಾಕುವುದು ಅವನಿಂದ ಆಗಲಿಲ್ಲ. ಟೋಪಿ ಹಿಂದಕ್ಕೆ ಸರಿಸಿ, ಕಣ್ಣು ಮುಚ್ಚಿ, ಇಂಜಿನ್ನಿನ ಮೇಲೆ ಬಗ್ಗಿದ. ಗೊರಗೊರ, ಅಷ್ಟೇ.

"ಏನೂ ಇಲ್ಲ. ಹೊರಡು."

"ನಿಮ್ಮ ಬಾಯಿಂದ ಬಂತಲ್ಲ, ಸಾಕು" ಎಂದು ಉಲಾನ್ ಬಾನೆಟ್ ಮುಚ್ಚಿದ. ಎಲ್ಲರೂ ಮುಖದ ಮೇಲೆ ಅಂಗೈ ಸವರಿಕೊಂಡು, ಪ್ರಯಾಣಕ್ಕೆ ಮುಂಚೆ ಮಾಡುವ ಪ್ರಾರ್ಥನೆ ಮುಗಿಸಿದರು. ಕಾರು ದೊಡ್ಡ ರಸ್ತೆಗೆ ಹೋಯಿತು. ಘಾಟಿಗೆ ಬಲಕ್ಕೆ ತಿರುಗಬೇಕು. ಅದು ಎಡಕ್ಕೆ, ತಾಶ್ತಾನನ ಗ್ಯಾರೇಜಿನ ಕಡೆಗೆ ತಿರುಗಿತು.

ಹೀಗೆ ಎಡಕ್ಕೆ ತಿರುಗಿದ ಎಷ್ಟೋ ಕಾರುಗಳನ್ನು ಅವನು ಇದೇ ಜಾಗದಲ್ಲಿ ನಿಂತು ನೋಡಿದ್ದ. ಪೆಟ್ರೋಲ್ ಹಾಕಿಸಲು ಹೋಗುತ್ತಾರೆ ಎಂದುಕೊಂಡಿದ್ದ.